ನಿಂತಲ್ಲೇ ನಿಲ್ಲಬೇಕಾದ ಹಡಗು

2016ರ ಬೇಸಿಗೆಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಕಡಲಿಗೆ 'ಬ್ರೇವ್ ಟರ್ನ್' ಎಂಬ ಹಡಗು ಬಂದಿತು. ಕಡಲತಳಕ್ಕೆ ಕಾಲೂರಿ, ಮೈಯನ್ನು ನೀರಿನಿಂದ ಮೇಲೆತ್ತಿ ನಿಲ್ಲಬಲ್ಲ ಹಡಗು ಅದು. ಬ್ಲಾಕ್ ಐಲೆಂಡ್ ಬಳಿ ಐದು ಗಾಳಿಯಂತ್ರಗಳನ್ನು ನಿಲ್ಲಿಸುವುದು ಅದರ ಕೆಲಸ. ಯಂತ್ರಗಳ ತಲೆಭಾಗಗಳನ್ನು ಅದು ಫ್ರಾನ್ಸಿನಿಂದಲೇ ಹೊತ್ತು ತಂದಿತ್ತು. ಆದರೆ ರೆಕ್ಕೆಗಳು ಇದ್ದದ್ದು ಸಮೀಪದ ಪ್ರಾವಿಡೆನ್ಸ್ ಬಂದರಿನಲ್ಲಿ. ಅವನ್ನು ಅದು ಹೋಗಿ ಹೇರಿಕೊಂಡು ಬರುವಂತಿರಲಿಲ್ಲ; ಅಮೆರಿಕದ ಹಡಗುಗಳೇ ತಂದುಕೊಡಬೇಕಾಯಿತು. ಫ್ರಾನ್ಸಿನಿಂದ ಸರಕು ತರಬಹುದು, ಕೂಗಳತೆಯ ಬಂದರಿನಿಂದ ತರಬಾರದು! ಹಡಗಿನ ಮೇಲೆ ಪರದೇಶದ ಬಾವುಟ ಹಾರುತ್ತಿದ್ದುದೇ ಇದಕ್ಕೆ ಕಾರಣ.

ಈ ವಿಚಿತ್ರದ ಬೇರು ಹಳೆಯದು. ತನ್ನ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಸಾಗಿಸುವ ಹಕ್ಕನ್ನು ಅಮೆರಿಕ 1817ರಲ್ಲೇ ಸ್ವದೇಶಿ ಹಡಗುಗಳಿಗೆ ಮೀಸಲಿಟ್ಟಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಯುರೋಪಿನ ಹಡಗುಗಳು ಯುದ್ಧದ ಕೆಲಸಕ್ಕೆ ಹೋದವು. ಅಮೆರಿಕದ ಸರಕು ಬಂದರುಗಳಲ್ಲಿ ಕೊಳೆಯಿತು. ಹಡಗಿಗಾಗಿ ಅನ್ಯರನ್ನು ನೆಚ್ಚಿದರೆ ಏನಾಗುತ್ತದೆ ಎಂಬ ಪಾಠ ಅದು. 1920ರಲ್ಲಿ ವಾಷಿಂಗ್ಟನ್ ರಾಜ್ಯದ ಸೆನೆಟರ್ ವೆಸ್ಲಿ ಜೋನ್ಸ್ ಮುಂದಾಳುತನದಲ್ಲಿ ಬಂದ ಕಾಯ್ದೆ ಈ ಮೀಸಲನ್ನು ಬಿಗಿಗೊಳಿಸಿತು. ತೀರದ ಸಾಗಣೆಗೆ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ಅಲ್ಲಿಯವರ ಒಡೆತನದ್ದಾಗಿರಬೇಕು, ಅಲ್ಲಿಯ ನಾವಿಕರೇ ನಡೆಸಬೇಕು. ನಡುವೆ ಪರದೇಶದ ಬಂದರೊಂದನ್ನು ಮುಟ್ಟಿ ಬಂದರೂ ವಿನಾಯಿತಿಯಿಲ್ಲ. ಜನ ಇದನ್ನು 'ಜೋನ್ಸ್ ಕಾಯ್ದೆ' ಎಂದೇ ಕರೆದರು.

ಈ ಕಾಯ್ದೆ ಬರೆದವರ ಕಣ್ಣ ಮುಂದಿದ್ದದ್ದು ಮೂಟೆ ಹೊರುವ ಹಡಗು. ಕಡಲ ನಡುವೆ ನಿಂತು ಕೆಲಸ ಮಾಡುವ ಹಡಗು ಅವರ ಕಲ್ಪನೆಯಲ್ಲಿರಲಿಲ್ಲ. 1947ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ, ದಡ ಕಾಣದಷ್ಟು ದೂರದಲ್ಲಿ ತೈಲಬಾವಿ ಕೊರೆಯಲಾಯಿತು. 1953ರ ಕಾಯ್ದೆ ಕಡಲತಳಕ್ಕೆ ನೆಟ್ಟ ಕಟ್ಟೋಣಗಳಿಗೂ ಅಮೆರಿಕದ ಕಾನೂನನ್ನು ಅನ್ವಯಿಸಿತು. ಎಂದರೆ, ತೈಲದ ಅಟ್ಟಣಿಗೆಯೂ ಕಾನೂನಿನ ಕಣ್ಣಿಗೆ ಒಂದು ಬಂದರಾಯಿತು.

ಆಗ ಹುಟ್ಟಿತು ಪ್ರಶ್ನೆ: ಪರದೇಶದ ಹಡಗೊಂದು ಕಡಲತಳದಲ್ಲಿ ಕೊಳವೆ ಹಾಸುತ್ತ ಹೋದರೆ ಅದು ಸಾಗಣೆಯೇ, ಕೆಲಸವೇ? 1976ರಲ್ಲಿ ಅಮೆರಿಕದ ಸುಂಕ ಇಲಾಖೆ ಉತ್ತರ ಕೊಟ್ಟಿತು. ಕೊಳವೆಯನ್ನು ಒಂದು ಜಾಗದಲ್ಲಿ ಇಳಿಸುವುದಿಲ್ಲ, ಉದ್ದಕ್ಕೂ ಬಿಡುತ್ತ ಹೋಗಲಾಗುತ್ತದೆ. ಆದ್ದರಿಂದ ಅದು ಸಾಗಣೆಯಲ್ಲ. ಕೆಲಸಕ್ಕೆ ಬೇಕಾದ ಕೆಲವು ಸಾಮಗ್ರಿಗಳು ಸರಕಲ್ಲ, ಹಡಗಿನ 'ಸಲಕರಣೆ' ಎಂದೂ ಅದು ಹೇಳಿತು. ಈ ಒಂದು ಪದದ ಆಸರೆಯಲ್ಲಿ ಪರದೇಶದ ಹಡಗುಗಳು ದಶಕಗಳ ಕಾಲ ದುಡಿದವು. ಸ್ವದೇಶಿ ಹಡಗು ಮಾಲೀಕರು ಮತ್ತು ನಾವಿಕರ ಸಂಘಗಳು ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದವು. ತೈಲ ಕಂಪನಿಗಳು, ಅಂಥ ದೊಡ್ಡ ಹಡಗುಗಳು ಇಲ್ಲಿ ಎಲ್ಲಿವೆ ಎಂದು ಕೇಳಿದವು. ವ್ಯಾಖ್ಯಾನವನ್ನು ಬಿಗಿಗೊಳಿಸಲು ಇಲಾಖೆ 2009ರಲ್ಲೂ 2017ರಲ್ಲೂ ಹೊರಟು, ಎರಡೂ ಬಾರಿ ಹಿಂದೆಗೆಯಿತು. ಕಡೆಗೆ 2019ರ ಡಿಸೆಂಬರಿನಲ್ಲಿ 'ಸಲಕರಣೆ'ಯ ಅರ್ಥವನ್ನು ತಿದ್ದಿತು. ಜತೆಗೆ, ಭಾರ ಎತ್ತಿ ಇಳಿಸುವಾಗ ಹಡಗು ತುಸು ಪಕ್ಕಕ್ಕೆ ಸರಿದರೆ ಅದು ಸಾಗಣೆಯಲ್ಲವೆಂದಿತು.

ತಪ್ಪಿದರೆ ದಂಡ ಸಣ್ಣದಲ್ಲ. 2011ರಲ್ಲಿ ತೈಲ ಕಂಪನಿಯೊಂದು ಕೊರೆಯುವ ಅಟ್ಟಣಿಗೆಯೊಂದನ್ನು ಮೆಕ್ಸಿಕೊ ಕೊಲ್ಲಿಯಿಂದ ಚೀನಾದ ಹಡಗಿನಲ್ಲಿ ಹೊರಿಸಿ, ಕೆನಡಾದ ವ್ಯಾಂಕೂವರ್ ಮಾರ್ಗವಾಗಿ ಅಲಾಸ್ಕಕ್ಕೆ ತರಿಸಿತು. ಇಲ್ಲಿ ಅಟ್ಟಣಿಗೆಯೇ ಸರಕಾಯಿತು! ವಿಧಿಸಿದ ದಂಡ 1.5 ಕೋಟಿ ಡಾಲರ್. 2017ರಲ್ಲಿ 1 ಕೋಟಿ ಡಾಲರಿಗೆ ರಾಜಿಯಾಯಿತು.

ಮ್ಯಾಸಚೂಸೆಟ್ಸ್ ಕಡಲಿನಲ್ಲಿ 2023ರಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸತೊಡಗಿದಾಗಲೂ ಹಳೆಯ ಕಥೆಯೇ. ಡೆನ್ಮಾರ್ಕಿನ ಹಡಗು ಕಡಲಲ್ಲೇ ನಿಂತಿತು; ನ್ಯೂ ಬೆಡ್‌ಫರ್ಡಿನಿಂದ ಟಗ್‌ಗಳು ಬಾರ್ಜ್‌ಗಳನ್ನು ಎಳೆದು ತಂದವು. ಇಂಥ ಕೆಲಸಕ್ಕೆಂದೇ ಅಮೆರಿಕ ಟೆಕ್ಸಾಸಿನ ಬ್ರೌನ್ಸ್‌ವಿಲ್‌ನಲ್ಲಿ ಕಟ್ಟಿಸಿದ ಮೊದಲ ಹಡಗು 'ಕರಿಬ್ಡಿಸ್' 2025ರಲ್ಲಷ್ಟೇ ಸಿದ್ಧವಾಯಿತು. 50 ಕೋಟಿ ಡಾಲರಿನ ಅಂದಾಜು 70 ಕೋಟಿ ದಾಟಿತ್ತು. ಹೀಗೆ, ಮೀಸಲು ದುಡಿಮೆಯನ್ನು ಉಳಿಸಿತು. ಅದರ ಬೆಲೆಯನ್ನೂ ವಸೂಲು ಮಾಡಿತು.

ನಮಗೂ ಈ ವಾದ ಹೊಸದಲ್ಲ. ಬ್ರಿಟಿಷ್ ಕಂಪನಿಗಳು ಭಾರತದ ತೀರವನ್ನು ಆಳುತ್ತಿದ್ದಾಗ, 1928ರಲ್ಲಿ ಎಸ್. ಎನ್. ಹಾಜಿ ಅವರು ಕೇಂದ್ರ ಶಾಸನಸಭೆಯಲ್ಲಿ ತೀರದ ಸಾಗಣೆಯನ್ನು ಸ್ವದೇಶಿ ಹಡಗುಗಳಿಗೆ ಮೀಸಲಿಡುವ ಮಸೂದೆ ತಂದಿದ್ದರು. ಅದು ಕಾಯ್ದೆಯಾಗಲಿಲ್ಲ. ಸ್ವಾತಂತ್ರ್ಯದ ನಂತರ, 1958ರ ಕಾಯ್ದೆ ಪರದೇಶಿ ಹಡಗಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. 2025ರ ಕರಾವಳಿ ನೌಕಾಯಾನ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಸರಕು ಸಾಗಣೆಯ ಜತೆಗೆ ಕಡಲ ಶೋಧದಂಥ ಸೇವೆಗಳನ್ನೂ ತೀರ ವ್ಯಾಪಾರದ ಅರ್ಥದೊಳಗೆ ಸೇರಿಸಿತು. 'ಹೊರುವುದು' ಮತ್ತು 'ದುಡಿಯುವುದು' ಬೇರೆಯೇ ಎಂದು ಅಮೆರಿಕ ದಶಕಗಳಿಂದ ಜಗ್ಗಾಡುತ್ತಿದ್ದರೆ, ನಾವು ಎರಡನ್ನೂ ಕಾಯ್ದೆಯಲ್ಲೇ ಬರೆದುಕೊಂಡಿದ್ದೇವೆ. ಇನ್ನು ಉಳಿದಿರುವುದು, ಆ ಕೆಲಸಕ್ಕೆ ತಕ್ಕ ಹಡಗುಗಳನ್ನು ಕಟ್ಟುವುದು.