ಮಂಗಳೂರಿನ ಆಸ್ಪತ್ರೆ, ಮಂಜೇಶ್ವರದ ಮನೆ

2019ರ ಮಳೆಗಾಲದಲ್ಲಿ ನನ್ನ ಉಮ್ಮ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆರು ದಿನ ಇದ್ದು ಮಂಜೇಶ್ವರದ ಮನೆಗೆ ಬಂದರು. ಶುಗರ್, ಬಿಪಿ ಹಳೆಯ ಕಾಯಿಲೆ. ಜೊತೆಗೆ ಕಿಡ್ನಿ ಸ್ವಲ್ಪ ಸೋತಿದೆ ಎಂದು ಆ ಸಲ ಗೊತ್ತಾಯಿತು. ಕೈಯಲ್ಲಿ ಇಂಗ್ಲಿಷಿನ ಮೂರು ಪುಟದ ಡಿಸ್ಚಾರ್ಜ್ ಸಮ್ಮರಿ, ಚೀಲ ತುಂಬ ಮಾತ್ರೆ.

ನಾಲ್ಕನೆಯ ದಿನ ಸುಬ್‌ಹಿಯ ಹೊತ್ತಿಗೆ ಉಮ್ಮನ ಮೈಯೆಲ್ಲ ಬೆವರು, ಮಾತು ತಡವರಿಕೆ. ಸಕ್ಕರೆ ನೀರು ಕುಡಿಸಿ ಹತ್ತಿರದ ಡಾಕ್ಟರರಲ್ಲಿಗೆ ಓಡಿದೆವು. ಅವರು ಚೀಲವನ್ನು ಮೇಜಿಗೆ ಸುರಿದು ಎರಡು ಪಟ್ಟಿ ಎತ್ತಿ ತೋರಿಸಿದರು. ಒಂದು ಮನೆಯಲ್ಲಿ ಮೊದಲೇ ಇದ್ದದ್ದು, ಇನ್ನೊಂದು ಆಸ್ಪತ್ರೆ ಕೊಟ್ಟದ್ದು. ಕಂಪೆನಿಯ ಹೆಸರು ಬೇರೆ, ಒಳಗಿನ ಮದ್ದು ಒಂದೇ: ಗ್ಲಿಮೆಪಿರೈಡ್. ನಾವು ಎರಡನ್ನೂ ಕೊಟ್ಟಿದ್ದೆವು. ಕಿಡ್ನಿ ಸೋತವರ ಮೈಯಲ್ಲಿ ಆ ಮದ್ದು ಹೆಚ್ಚು ಹೊತ್ತು ನಿಂತು ಶುಗರನ್ನು ಮತ್ತೆ ಮತ್ತೆ ಇಳಿಸಬಹುದು ಎಂದು ಒಂದು ದಿನ ಅಲ್ಲೇ ಮಲಗಿಸಿಕೊಂಡರು.

ಹಳೆಯದನ್ನು ನಿಲ್ಲಿಸಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಆಮೇಲೆ ಯೋಚಿಸಿದಾಗ, ಈ ತಪ್ಪಿಗೆ ನಮ್ಮ ಊರಿನ ಚರಿತ್ರೆಯದ್ದೂ ಒಂದು ಪಾಲಿದೆ ಅನ್ನಿಸಿತು.

ನಮ್ಮ ಹಿರಿಯರಿಗೆ ಮಂಗಳೂರು ಬೇರೆ ಊರಾಗಿರಲಿಲ್ಲ. ಕಾಸರಗೋಡು ತಾಲೂಕು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. 1848ರಲ್ಲಿ ಶುರುವಾದ ವೆನ್ಲಾಕ್ ಆಸ್ಪತ್ರೆ ನಮ್ಮದೇ ಜಿಲ್ಲೆಯ ದೊಡ್ಡಾಸ್ಪತ್ರೆ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಆಸ್ಪತ್ರೆ ಗಡಿಯ ಆಚೆ ಉಳಿಯಿತು, ಮನೆ ಈಚೆ. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾದರೂ ಉಪ್ಪಳ, ಕುಂಬಳೆ, ವರ್ಕಾಡಿಯವರು ದೊಡ್ಡ ಕಾಯಿಲೆ ಬಂದರೆ ತಲಪಾಡಿ ದಾಟುವುದು ನಿಲ್ಲಲಿಲ್ಲ. ಚಿಕಿತ್ಸೆ ಒಂದು ರಾಜ್ಯದಲ್ಲಿ, ಆರೈಕೆ ಇನ್ನೊಂದರಲ್ಲಿ. ಎರಡರ ನಡುವೆ ಓಡಾಡುವ ಕಾಗದ ರೋಗಿಯ ಚೀಲದಲ್ಲಿರುವ ಒಂದೇ.

ಈಚೆ ಕಡೆ ಏನೂ ಇಲ್ಲ ಎಂದಲ್ಲ. 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಪೈನ್ ಆಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಮಲಪ್ಪುರಂ ಕಡೆ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರ ಇದನ್ನು ನೀತಿಯಾಗಿ ತಂದು ಪಂಚಾಯತುಗಳಿಗೆ ಹೊಣೆ ಕೊಟ್ಟಿತು. ನರ್ಸ್ ಮನೆಗೆ ಬಂದು ಬಿಪಿ ನೋಡುತ್ತಾರೆ, ಹುಣ್ಣಿಗೆ ಡ್ರೆಸಿಂಗ್ ಮಾಡುತ್ತಾರೆ, ಕ್ಯಾಥೆಟರ್ ಬದಲಿಸುತ್ತಾರೆ.

ಆದರೆ ನಾವು ಅವರನ್ನು ಕರೆದಿರಲಿಲ್ಲ. ‘ಪಾಲಿಯೇಟಿವ್‌ನವರು ಬಂದರೆ ಇನ್ನು ಆಸೆ ಇಲ್ಲ ಅಂತ ಅರ್ಥ’ ಎಂಬ ಮಾತು ನಮ್ಮ ಮನೆಯಲ್ಲೂ ಇತ್ತು. ಮಂಗಳೂರಿನಿಂದ ಡಿಸ್ಚಾರ್ಜ್ ಆದ ಸುದ್ದಿ ನಮ್ಮ ಪಂಚಾಯತಿಗೆ ತಾನಾಗಿ ಬರುವುದೂ ಇಲ್ಲ.

ಆ ಸಲದ ಹೆದರಿಕೆಯ ನಂತರ ಆಶಾ ಕಾರ್ಯಕರ್ತೆಗೆ ಹೇಳಿದೆವು. ನರ್ಸ್ ಬಂದರು. ಅವರು ಮಲಯಾಳದಲ್ಲಿ ಕೇಳಿದರು, ಉಮ್ಮ ಬ್ಯಾರಿಯಲ್ಲಿ ಹೇಳಿದರು, ಇಬ್ಬರಿಗೂ ಅರ್ಥವಾಯಿತು. ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಚಾಪೆಯ ಮೇಲೆ ಹರಡಿಸಿ ಡಿಸ್ಚಾರ್ಜ್ ಸಮ್ಮರಿಯೊಂದಿಗೆ ತಾಳೆ ನೋಡಿದರು. ಸಂಶಯ ಬಂದದ್ದನ್ನು ಡಾಕ್ಟರಿಗೆ ಫೋನ್ ಮಾಡಿ ಕೇಳಿದರು. ಕನ್ನಡ ಮೀಡಿಯಂನಲ್ಲಿ ಓದುವ ನನ್ನ ಮಗಳು ಒಂದು ಪುಸ್ತಕದಲ್ಲಿ ಬರೆದಳು: ಮದ್ದಿನ ಒಳ ಹೆಸರು, ಯಾವುದಕ್ಕೆ, ಎಷ್ಟು ಹೊತ್ತಿಗೆ, ಯಾವುದನ್ನು ನಿಲ್ಲಿಸಿದೆ.

ಆ ಪುಸ್ತಕದ ಬೆಲೆ ಗೊತ್ತಾದದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್ ಎಂದು ಕರ್ನಾಟಕ ಗಡಿಯ ದಾರಿಗಳನ್ನು ಮುಚ್ಚಿತು, ಕೆಲವು ಕಡೆ ಮಣ್ಣು ಸುರಿಯಿತು. ಮಂಗಳೂರಿಗೆ ಹೋಗಲಾಗದೆ ರೋಗಿಗಳು ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ಬಿಡಬೇಕೆಂದು ಹೇಳಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಷ್ಟರಲ್ಲಿ ಉಮ್ಮನ ಮಾತ್ರೆ ಮುಗಿದಿತ್ತು. ಆ ಕಂಪೆನಿಯದ್ದು ಇಲ್ಲಿಯ ಅಂಗಡಿಯಲ್ಲಿ ಇರಲಿಲ್ಲ. ಪುಸ್ತಕ ತೋರಿಸಿದೆ. ಅಂಗಡಿಯವರು ಒಳ ಹೆಸರು ನೋಡಿ ಅದೇ ಮದ್ದನ್ನು ಬೇರೆ ಕಂಪೆನಿಯದ್ದು ಕೊಟ್ಟರು. ಹಳೆಯ ಪಟ್ಟಿಯನ್ನು ಆ ದಿನವೇ ಬಿಸಾಡಿದೆವು.

ನಮ್ಮ ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳು ಗಲ್ಫ್‌ನಲ್ಲಿರುತ್ತಾರೆ. ಆಸ್ಪತ್ರೆಯ ಬಿಲ್ಲು ಅಲ್ಲಿಂದ ಬರುತ್ತದೆ, ಮಾತ್ರೆ ಕೊಡುವವಳು ಸೊಸೆ ಅಥವಾ ಮಗಳು. ಡಾಕ್ಟರರು ಮಾತಾಡುವುದು ಹೆಚ್ಚಾಗಿ ಕೌಂಟರಿನಲ್ಲಿ ನಿಂತ ಗಂಡಸಿನ ಹತ್ತಿರ. ಡಿಸ್ಚಾರ್ಜ್ ದಿನ ಮಾತ್ರೆ ಕೊಡುವವರೇ ಎದುರು ಕೂತು ಮೂರು ಮಾತು ಕೇಳಬೇಕು: ಹಳೆಯದರಲ್ಲಿ ಯಾವುದು ನಿಲ್ಲಬೇಕು, ಏನಾದರೆ ಕೂಡಲೇ ಬರಬೇಕು, ಮುಂದಿನ ರಕ್ತ ಪರೀಕ್ಷೆ ಯಾವಾಗ. ನೋಂಬು ಹಿಡಿಯುವ ಆಸೆ ಇದ್ದರೆ ರಮಳಾನಿಗೆ ಸಾಕಷ್ಟು ಮೊದಲೇ ಡಾಕ್ಟರರನ್ನು ಕೇಳಬೇಕು. ಹಿಡಿಯಬಹುದೇ, ಅತ್ತಾಳಕ್ಕೆ ಯಾವ ಮಾತ್ರೆ ಎಂಬುದನ್ನು ನಾವೇ ತೀರ್ಮಾನಿಸಬಾರದು.

ಉಮ್ಮ ಈಗಲೂ ಮಂಗಳೂರಿಗೇ ಹೋಗುತ್ತಾರೆ, ಅವರ ಉಪ್ಪ ಹೋಗುತ್ತಿದ್ದ ಹಾಗೆ. ಬುರ್ಖಾ ಹಾಕಿ ಹೊರಡುವ ಮೊದಲು ಒಂದು ಮಾತು ತಪ್ಪದೆ ಕೇಳುತ್ತಾರೆ: ‘ಪುಸ್ತಕ ಇಟ್ಟಿದ್ದೀಯಾ?’