ಕೆಂಪು ತಾರೆಗಳ ಸಾಕ್ಷ್ಯ

ನಾರಾಯಣಪುರದ ಬಸವಸಾಗರದಲ್ಲಿ ತುಂಬಿನಿಂತ ನೀರನ್ನು ನಾವು ಕೃಷ್ಣೆಯೆಂದೇ ಕರೆಯುತ್ತೇವೆ. ಮೇಲೆ ಕೂಡಲಸಂಗಮದಲ್ಲಿ ಬಂದು ಬೆರೆತ ಮಲಪ್ರಭೆಯ ಪಾಲನ್ನು ಬೊಗಸೆಯಲ್ಲೆತ್ತಿ ತೋರಿಸುವವರಿಲ್ಲ. ಆಕಾಶಗಂಗೆಯ ಮಾತು ಬೇರೆ. ಅಲ್ಲಿ ಬೆರೆತದ್ದನ್ನು ಒಂದು ಮಟ್ಟಿಗೆ ಬೇರ್ಪಡಿಸಿ ನೋಡಬಹುದು.

1994ರಲ್ಲಿ ಇಬಾಟಾ, ಗಿಲ್ಮೋರ್, ಇರ್ವಿನ್ ಎಂಬ ಮೂವರು ಧನುರಾಶಿಯ ದಿಕ್ಕಿನಲ್ಲಿ ಕುಬ್ಜ ಗೆಲಾಕ್ಸಿಯೊಂದನ್ನು ಕಂಡರು. ಆಕಾಶಗಂಗೆಯ ಸೆಳೆತ ಅದನ್ನು ಎಳೆಯೆಳೆಯಾಗಿ ಬಿಡಿಸುತ್ತಿತ್ತು. ಆ ಎಳೆಗಳು ಎಲ್ಲಿ ಹೋದವು? ಸೂರ್ಯನಂಥ ಸಾಧಾರಣ ತಾರೆಗಳು ಅಷ್ಟು ದೂರಕ್ಕೆ ತೀರ ಮಂಕು. ಒಡಲಾಳದ ಜಲಜನಕ ತೀರಿ, ಉಬ್ಬಿ ಕೆಂಪೇರಿದ ಮುದಿ ತಾರೆಗಳಾದರೋ ಅಲ್ಲಿಂದಲೂ ಕಾಣುತ್ತವೆ. 2001ರಲ್ಲಿ ಕಾರ್ಬನ್ ತಾರೆಗಳು ಸುಳಿವಿತ್ತವು. 2003ರಲ್ಲಿ ಮಜೆವ್‌ಸ್ಕಿ ಮತ್ತು ಸಂಗಡಿಗರು ಅವಕೆಂಪು ಸಮೀಕ್ಷೆಯಿಂದ ಕೆಂಪು ದೈತ್ಯರನ್ನು ಹೆಕ್ಕಿ, ಆಗಸವನ್ನೇ ಬಳಸಿದ ಹೊನಲಿನ ನಕ್ಷೆ ಬರೆದರು.

ಆದರೆ ಕಂಡ ಕೆಂಪೆಲ್ಲ ಒಂದೇ ಜಾತಿಯದಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅರುಣಾ ಗೋಸ್ವಾಮಿಯವರು, ಹೊಸಕೋಟೆಯಿಂದ ನಿಯಂತ್ರಿಸಲಾಗುವ ಲಡಾಖಿನ ಹಾನ್ಲೆಯ ದೂರದರ್ಶಕದ ಮೂಲಕ ಇಂಥ ಮಂಕು ಕಾರ್ಬನ್ ತಾರೆಗಳ ರೋಹಿತ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಹಲವು, ಜೊತೆಗಾರ ತಾರೆಯಿಂದ ಕಾರ್ಬನ್ ಕಡ ಪಡೆಯುವ ವರ್ಗಕ್ಕೆ ಸೇರಿದವೆಂದು ತೋರಿತು. ಈ ವರ್ಗದ ನಿಜಪ್ರಭೆ ಕಡಿಮೆ. ಅವನ್ನು ದೊಡ್ಡ ದೈತ್ಯರೆಂದೇ ಎಣಿಸಿದರೆ ಹತ್ತಿರದ ತಾರೆಯೂ ಲೆಕ್ಕದಲ್ಲಿ ದೂರದ ಹೊನಲಿಗೆ ಹೋಗಿ ಸೇರಿಬಿಡುತ್ತದೆ.