ಅಲ್ಕಾಲ್ದೆ ಮತ್ತು ನಮ್ಮ ಖಾಜಿ

ಮೊನ್ನೆ ಜ್ಯೂರಿ ಡ್ಯೂಟಿಗೆ ಕರೆ ಬಂತು. ಸಿಟಿಜನ್ ಆದ ಮೇಲೆ ಇದೇ ಮೊದಲು. ಸ್ಯಾನ್ ಫ್ರಾನ್ಸಿಸ್ಕೋದ ಸಿವಿಕ್ ಸೆಂಟರ್‌ನಲ್ಲಿ ಬಾರ್ಟ್ ಇಳಿದು ಹೈಡ್ ಬೀದಿ ಹಿಡಿದು ಕೋರ್ಟಿಗೆ ಹೊರಟೆ. ಅದರ ಪಕ್ಕದ್ದು ಲೆವನ್‌ವರ್ತ್ ಬೀದಿ, ಎರಡನ್ನೂ ಅಡ್ಡ ಹಾಯುವುದು ಗಿಯರಿ. ವರ್ಷಗಟ್ಟಲೆ ಓಡಾಡಿದ ಬೀದಿಗಳೇ. ಮೂರೂ ಈ ಊರಿನ ಅಲ್ಕಾಲ್ದೆಗಳ ಹೆಸರು ಅನ್ನೋದು ಮಾತ್ರ ಇತ್ತೀಚಿನವರೆಗೂ ಗೊತ್ತಿರಲಿಲ್ಲ.

ಅಲ್ಕಾಲ್ದೆ ಅಂದ್ರೆ ಸ್ಪೇನ್, ಆಮೇಲೆ ಮೆಕ್ಸಿಕೋ ಆಳಿದ ಕ್ಯಾಲಿಫೋರ್ನಿಯಾದಲ್ಲಿ ಊರಿನ ಮುಖ್ಯಸ್ಥ. ನಮ್ಮ ಪಟೇಲರೂ ಮುನ್ಸೀಫರೂ ಒಬ್ಬರೇ ಆದ ಹಾಗೆ. ಸೈಟು ಹಂಚುವವನೂ ಅವನೇ, ಜಗಳ ತೀರ್ಮಾನ ಮಾಡುವವನೂ ಅವನೇ. ಪದದ ಮೂಲ ಅರಬ್ಬಿಯ 'ಅಲ್-ಕಾದಿ', ಅಂದರೆ ನ್ಯಾಯಾಧೀಶ. ಸ್ಪೇನಿನಲ್ಲಿ ಅದು ಅಲ್ಕಾಲ್ದೆ ಆಯ್ತು, ಪರ್ಷಿಯನ್ ಮೂಲಕ ನಮ್ಮಲ್ಲಿಗೆ ಬಂದದ್ದು 'ಖಾಜಿ' ಆಯ್ತು. ಬೇರೆ ಬೇರೆ ದಿಕ್ಕು ಹಿಡಿದ ಅಣ್ಣತಮ್ಮಂದಿರು ನೋಡಿ!

ಇಟಲಿಯ ಊರುಗಳಲ್ಲಿ 12-13ನೇ ಶತಮಾನದಲ್ಲಿ 'ಪೊದೆಸ್ತಾ' ಅಂತ ಒಬ್ಬ ಇರ್ತಿದ್ದ. ಲ್ಯಾಟಿನ್ನಿನ 'ಪೊತೆಸ್ತಾಸ್', ಅಧಿಕಾರ, ಅದರ ಮೂಲ. ಮನೆತನಗಳ ಕಚ್ಚಾಟ ತಾಳಲಾರದೆ ಬೇರೆ ಊರಿನವನನ್ನೇ ಸಂಬಳ ಕೊಟ್ಟು ಕರೆಸುತ್ತಿದ್ದರು. ಆದರೆ ಅವಧಿ ಒಂದು ವರ್ಷ ಅಥವಾ ಆರು ತಿಂಗಳು, ಹೊರಡುವ ಮುಂಚೆ ವಿಚಾರಣೆಗೆ ನಿಲ್ಲಬೇಕು.

ಇಲ್ಲಿಗೂ ಹೊರಗಿನವರೇ ಬಂದರು, ಆದರೆ ಯಾರೂ ಕರೆದಿರಲಿಲ್ಲ. 1846ರಲ್ಲಿ ಅಮೆರಿಕದ ನೌಕಾಪಡೆ ಯೆರ್ಬಾ ಬ್ಯುಯೆನಾ ಎಂಬ ಈ ಹಳ್ಳಿಯನ್ನು ಹಿಡಿಯಿತು. ಅಲ್ಕಾಲ್ದೆಯಾದ ಲೆಫ್ಟಿನೆಂಟ್ ವಾಷಿಂಗ್ಟನ್ ಬಾರ್ಟ್ಲೆಟ್, 1847ರ ಜನವರಿ 30ರ ಒಂದು ಪ್ರಕಟಣೆಯಲ್ಲಿ ಊರಿನ ಹೆಸರನ್ನೇ ಸ್ಯಾನ್ ಫ್ರಾನ್ಸಿಸ್ಕೋ ಮಾಡಿಬಿಟ್ಟ. ಮಾಂಟೆರೆಯ ಅಲ್ಕಾಲ್ದೆ ವಾಲ್ಟರ್ ಕೋಲ್ಟನ್ ಬೇರೆ ಥರ. ನೌಕಾಪಡೆಯ ಪಾದ್ರಿ ಆತ. 1846ರ ಸೆಪ್ಟೆಂಬರಿನಲ್ಲಿ ಒಂದು ಮೊಕದ್ದಮೆಗೆ ಜ್ಯೂರಿ ಕೂರಿಸಿದ, ಸ್ಥಳೀಯರನ್ನೂ ಹೊಸಬರನ್ನೂ ಸೇರಿಸಿ. ಕ್ಯಾಲಿಫೋರ್ನಿಯಾದ ಮೊದಲ ಜ್ಯೂರಿ ಅದು ಅಂತಾರೆ.

ಚಿನ್ನದ ಹುಚ್ಚಿಗೆ ಊರು ತುಂಬಿದಾಗ ಒಂಟಿ ಕೈಯ ಅಧಿಕಾರ ಜನಕ್ಕೆ ಸಾಕಾಯ್ತು. 1849ರಲ್ಲಿ ಅವರೇ ಕಟ್ಟಿಕೊಂಡ ಸಭೆ ಲೆವನ್‌ವರ್ತನ ದಫ್ತರವನ್ನು ಬಲವಂತವಾಗಿ ಕಿತ್ತುಕೊಂಡಿತು. ನಂತರ ಬಂದ ಜಾನ್ ಗಿಯರಿಯೇ ಕೊನೆಯ ಅಲ್ಕಾಲ್ದೆ. 1850ರಲ್ಲಿ ಅವನೇ ಮೊದಲ ಮೇಯರ್ ಆದ.

ಸಂಜೆವರೆಗೆ ಕೂತರೂ ನನ್ನ ಹೆಸರು ಕರೆಯಲಿಲ್ಲ. ಹೊರಗಿನವನಾದ ನನಗೂ ಇಲ್ಲಿ ಅಧಿಕಾರ ಇದೆ, ಹನ್ನೆರಡರಲ್ಲಿ ಒಂದು ಪಾಲು. ಅಷ್ಟೇ ಇರೋದು ಒಳ್ಳೇದು ಅಂದುಕೊಳ್ತಾ ಅದೇ ಹೈಡ್ ಬೀದಿಯಲ್ಲಿ ವಾಪಸ್ ಬಂದೆ.